ಹನ್ನೊಂದು ಮಂದಿ ಎರ್ರಿಸ್ವಾಮಿ

ನಮ್ಮ ಆಫೀಸಿಗೆ ಹನ್ನೊಂದು ಮಂದಿ ಎರ್ರಿಸ್ವಾಮಿಗಳು ಪಾರ್ಟಿಗಳು, ಅಂದರೆ ಲೆಕ್ಕ ಬರೆಸುವ ಗಿರಾಕಿಗಳು. ಯಾರು ಯಾವ ಎರ್ರಿಸ್ವಾಮಿ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ.

ನಾನು ಸೌಂದರ್ಯ, ಕುರುಗೋಡಿನವಳು. ಸಿಎ ಓದುತ್ತಿದ್ದೇನೆ. ಓದುತ್ತಿದ್ದೇನೆ ಅನ್ನುವುದೂ ಸುಳ್ಳೇ. ದಿನಾ ಬಸ್ಸು ಹತ್ತಿ ಬಳ್ಳಾರಿಗೆ ಬಂದು ಹಾಲಸಿದ್ದಪ್ಪ ಎಂಬ ಆಡಿಟರ್ ಹತ್ತಿರ ಆರ್ಟಿಕಲ್‌ಶಿಪ್ ಮಾಡುತ್ತಿದ್ದೇನೆ. ಮೂರು ವರ್ಷ ಹೀಗೆ ಕೈಕೆಳಗೆ ಕೆಲಸ ಕಲಿಯಬೇಕು, ಕೊನೆಯ ಆರು ತಿಂಗಳಲ್ಲಿ ಫೈನಲ್ ಪರೀಕ್ಷೆ ಬರೆಯಬಹುದು. ರಜೆಗೆ ಅವರ ಸಹಿ, ಬೇರೆ ಆಫೀಸಿಗೆ ಹೋಗಲು ಅವರ ಸಹಿ, ಮೂರು ವರ್ಷ ಮುಗಿಯಿತು ಅನ್ನುವುದಕ್ಕೂ ಅವರದೇ ಸಹಿ. ಸರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ತೆಗೆದು ಯಾವತ್ತೋ ಎದ್ದು ಹೋಗುತ್ತಿದ್ದೆ.

ನಮ್ಮ ಕಡೆ ಎರ್ರಿತಾತ ಎಂಬ ಅವಧೂತನಿಗೆ ಹರಕೆ ಹೊತ್ತು ಗಂಡು ಹುಟ್ಟಿದರೆ ಎರ್ರಿಸ್ವಾಮಿ ಬಿಟ್ಟು ಬೇರೆ ಹೆಸರು ಯಾರಿಗೂ ಹೊಳೆಯುವುದಿಲ್ಲ. ಆ ಗಂಡುಗಳೆಲ್ಲ ಬೆಳೆದು ಅಕ್ಕಿ ಗಿರಣಿ, ಮೆಣಸಿನಕಾಯಿ ವ್ಯಾಪಾರ, ಜೀನ್ಸ್ ಹೊಲಿಗೆ ಅಂತ ಹಿಡಿದು ಈಗ ನಮ್ಮ ತಲೆ ಮೇಲೆ ಕೂತಿದ್ದಾರೆ. ವಾಟ್ಸಾಪಿನಲ್ಲಿ ಮಗನ ಫೋನಿನಿಂದಲೋ ಗುಮಾಸ್ತನ ಫೋನಿನಿಂದಲೋ ಬಿಲ್ಲಿನ ಫೋಟೋ ಬರುತ್ತದೆ. ಕೆಳಗೆ ‘ಎರ್ರಿಸ್ವಾಮಿ’ ಅಂತ ಅಷ್ಟೇ. ಯಾವ ಎರ್ರಿಸ್ವಾಮಿ ಅಂತ ಕೇಳಿದರೆ, ‘ನಾನ ರೀ!’

ಒಮ್ಮೆ ಸರ್ ಸ್ವತಃ ರಾರಾವಿ ಊರಿನ ಎರ್ರಿಸ್ವಾಮಿಯ ಬಿಲ್ಲುಗಳನ್ನು ಬಾದನಹಟ್ಟಿ ಊರಿನ ಎರ್ರಿಸ್ವಾಮಿಯ ತೆರಿಗೆ ರಿಟರ್ನಿಗೆ ಹಾಕಿಬಿಟ್ಟಿದ್ದರಂತೆ. ಇಬ್ಬರಿಗೂ ನೋಟಿಸು ಬಂತು, ಇಬ್ಬರೂ ಒಂದೇ ದಿನ ಬಂದು ಆಫೀಸಿನಲ್ಲಿ ಕೂಗಾಡಿದರು. ಅವತ್ತಿನಿಂದ ಸರ್ ಎರ್ರಿಸ್ವಾಮಿಗಳ ಫೈಲಿನ ಕಪಾಟನ್ನೇ ಮುಟ್ಟಿಲ್ಲ.

ನನಗೆ ಇದನ್ನೆಲ್ಲ ಕಲಿಸಿದವನು ಗವಿಸಿದ್ದೇಶ, ನನ್ನ ಸೀನಿಯರ್. ನಾನು ಸೇರಿದ ಹೊಸತರಲ್ಲಿ ದಿನಾ ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ಕೊಡಿಸಿ ಪಾಠ ಹೇಳುತ್ತಿದ್ದ.

“ಕೆಮ್ಮಿಕೋಂತ ಮಾತಾಡಾಂವ ಬಾದನಹಟ್ಟಿ. ತೆಲುಗಿನ್ಯಾಗ ಶುರು ಮಾಡಿ ಕನ್ನಡದಾಗ ಬೈಯಾಂವ ರಾರಾವಿ. ಬಿಲ್ಲಿಗೆ ಅರಿಷಿಣ ಹಚ್ಚಿ ಕಳಸಾಂವ ಸಿರುಗುಪ್ಪ.”

ದೇವರಂಥ ಮನುಷ್ಯ ಅಂದುಕೊಂಡಿದ್ದೆ. ನಾನು ಹನ್ನೊಂದೂ ಮಂದಿಯನ್ನು ಕಲಿತ ಮೇಲೆ ಅವನಿಗೆ ಫೈನಲ್ ಪರೀಕ್ಷೆಗೆ ಮೂರು ತಿಂಗಳು ರಜೆ ಸಿಕ್ಕಿತು. “ಅಣ್ಣಾ, ನನ್ನ ಪರೀಕ್ಷಿಗೂ ಹಿಂಗ ರಜಾ ಕೊಡ್ತಾರೇನ್ರಿ?” ಎಂದು ಕೇಳಿದ್ದೆ.

“ಕೊಡ್ತಾರವ್ವಾ, ಯಾಕ ಕೊಡಂಗಿಲ್ಲ?” ಎಂದು ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಪಾಸೂ ಆದ.

ಫೆಬ್ರುವರಿಯಲ್ಲಿ ನನ್ನ ರಜೆಯ ಅರ್ಜಿ ಸರ್ ಮುಂದೆ ಇಟ್ಟೆ.

“ಮೂರು ತಿಂಗಳಾ? ನೀ ಹೋದ್ರ ಆ ಎರ್ರಿಸ್ವಾಮಿಗಳನ್ನ ಯಾರು ನೋಡ್ಬೇಕು? ನೀನ ಈ ಆಫೀಸಿನ ಕಣ್ಣು ನೋಡಮ್ಮಾ” ಎಂದು ಅರ್ಜಿ ಬದಿಗೆ ಸರಿಸಿ, ತಮ್ಮ ಡಬ್ಬಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದು ಕೊಟ್ಟರು. ತಿಂದೆ. ಏನು ಮಾಡಲಿ, ಕೈಗೆ ಕೊಟ್ಟಿದ್ದನ್ನು ಮುಖಕ್ಕೆ ಎಸೆಯಲಿಕ್ಕೆ ಆಗುತ್ತದೆಯೇ?

ಮನೆಯಲ್ಲಿ ಅಪ್ಪ ಬೇರೆ ಗಡುವು ಹಾಕಿದ್ದರು. “ಮೇ ಪರೀಕ್ಷಿ ಒಂದು ನೋಡೂಣು. ಆಗ್ಲಿಲ್ಲಂದ್ರ ಸಿರುಗುಪ್ಪದವರಿಗೆ ಹ್ಞೂಂ ಅಂತೀನಿ.” ಹೆಣ್ಣು ಕೇಳಿ ಬಂದಿದ್ದ ಈ ಸಿರುಗುಪ್ಪದವರು ಅರಿಷಿಣದ ಎರ್ರಿಸ್ವಾಮಿ ಮನೆಯವರಲ್ಲ, ಬೇರೆ; ಅವರದೊಂದು ಅಕ್ಕಿ ಗಿರಣಿ. ಅವರಿಗೆ ಸಿಎ ಆದ ಸೊಸೆ ಬೇಕಿಲ್ಲ, ಗಿರಣಿಯ ಲೆಕ್ಕ ಬರೆಯಬಲ್ಲ ಸೊಸೆ ಸಾಕು. ಈ ಕಡೆ ಎರ್ರಿಸ್ವಾಮಿಗಳು, ಆ ಕಡೆ ಗಿರಣಿ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಯಿತು ನನ್ನ ಬಾಳು. ಓದದೆ ಪಾಸಾಗಲು ಇದೇನು ಒಂದನೇ ಇಯತ್ತೆಯೇ?

ಆಗ ನನ್ನ ಕಣ್ಣಿಗೆ ಬಿದ್ದವಳು ಚೈತ್ರಾ. ನನಗಿಂತ ಒಂದು ವರ್ಷ ತಡವಾಗಿ ಸೇರಿದವಳು, ಪಾಪದ ಹುಡುಗಿ.

“ಬಾರೇ, ಮಿರ್ಚಿ ತಿನ್ನೂಣು” ಎಂದೆ.

ಇಪ್ಪತ್ತು ದಿನ ಕಲಿಸಿದೆ. ಅವಳು ಒಂದೊಂದು ಎರ್ರಿಸ್ವಾಮಿಗೆ ಒಂದೊಂದು ಬಣ್ಣದ ಪೆನ್ನು ಹಿಡಿದು ಬರೆದುಕೊಂಡಳು. ಒಂದು ದಿನ ಬರೆಯುತ್ತಿದ್ದವಳು ತಲೆ ಎತ್ತಿ, “ಅಕ್ಕಾ, ನೀವು ಎಷ್ಟು ಪ್ರೀತೀಲೆ ಹೇಳಿಕೊಡ್ತೀರಿ. ನಮ್ಮ ಸ್ವಂತ ಅಕ್ಕನೂ ಇಷ್ಟು ಹೇಳಂಗಿಲ್ಲ” ಎಂದಳು. ಕಲಿಬ್ಯಾಡವ್ವಾ, ದಡ್ಡಿ ಹಂಗ ಇದ್ದುಬಿಡು ಅನ್ನೋಣ ಅನ್ನಿಸಿತು. ಅವಳ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿ ಮುಂದಿನ ಎರ್ರಿಸ್ವಾಮಿಯನ್ನು ಹೇಳಿಕೊಟ್ಟೆ.

ಮಾರ್ಚ್ ಮೊದಲ ವಾರ ಅವಳನ್ನು ಸರ್ ಹತ್ತಿರ ಕರೆದುಕೊಂಡು ಹೋದೆ. “ಚೈತ್ರಾಗ ಎಲ್ಲಾ ಬರ್ತೈತಿ ಸರ್. ಬೇಕಾದ್ರ ಪರೀಕ್ಷಾ ಮಾಡ್ರಿ.”

ಸರ್ ಫೋನಿನಲ್ಲಿ ಆಗಷ್ಟೇ ಬಂದಿದ್ದ ಒಂದು ವಾಯ್ಸ್ ಮೆಸೇಜು ಹಾಕಿದರು. ಒಂದು ಗೊಗ್ಗರು ಕೆಮ್ಮು, ಆಮೇಲೆ “ಸಾವ್ಕಾರ್ರ, ನನ್ನ ಕಾಗದ ಮುಟ್ಟಿದವೇನ್ರಿ?”

“ಯಾರಮ್ಮಾ ಇಂವ?”

ಚೈತ್ರಾ ನನ್ನ ಮುಖ ನೋಡಿದಳು, ಹೇಳಲಾ ಅಕ್ಕಾ ಅನ್ನುವ ಹಾಗೆ. ಸರ್ ಕಣ್ಣು ಫೋನಿನ ಮೇಲಿತ್ತು. ನಾನು ಒಂದು ಸಲ ಬೇಡ ಅಂತ ತಲೆ ಅಲ್ಲಾಡಿಸಿದ್ದರೆ ಅವಳು ‘ಗೊತ್ತಿಲ್ಲ ಸರ್’ ಅನ್ನುತ್ತಿದ್ದಳು. ಅಷ್ಟು ನಂಬಿದ್ದಳು ನನ್ನನ್ನು. ಅವಳು ಬಚಾವಾಗುತ್ತಿದ್ದಳು, ನಾನು ಸಿರುಗುಪ್ಪದ ಗಿರಣಿ ಸೇರುತ್ತಿದ್ದೆ.

ಹೇಳು ಅಂತ ಸನ್ನೆ ಮಾಡಿದೆ.

“ಬಾದನಹಟ್ಟಿ ಎರ್ರಿಸ್ವಾಮಿ ಸರ್. ನಾಕು ಬಿಲ್ಲು ಮುಟ್ಟ್ಯಾವು, ಇನ್ನೊಂದು ಬರ್ಬೇಕು.”

“ಭೇಷ್!” ಸರ್ ಮೇಜು ಬಡಿದರು. ನನ್ನ ಅರ್ಜಿ ಎಳೆದುಕೊಂಡು ಅಲ್ಲೇ ಸಹಿ ಹಾಕಿದರು. ಆಮೇಲೆ ಡಬ್ಬಿ ತೆರೆದು, “ಇನ್ನ ಮ್ಯಾಲೆ ನೀನ ಈ ಆಫೀಸಿನ ಕಣ್ಣು ನೋಡಮ್ಮಾ” ಎಂದು ಚೈತ್ರಾಳ ಕೈಗೆ ಒಂದು ಹೋಳಿಗೆ ಇಟ್ಟರು.

ಮೆಟ್ಟಿಲಿಳಿಯುವಾಗ ಅವಳು ಆ ಹೋಳಿಗೆ ಮುರಿದು ನನಗೆ ಅರ್ಧ ಕೊಟ್ಟಳು. ಮುಖವೆಲ್ಲ ನಗು. “ಅಕ್ಕಾ, ಬರೋ ವರ್ಷ ನನ್ನ ಪರೀಕ್ಷಿಗೂ ಸರ್ ಹಿಂಗ ರಜಾ ಕೊಡ್ತಾರಲ್ರಿ?”

“ಕೊಡ್ತಾರವ್ವಾ, ಯಾಕ ಕೊಡಂಗಿಲ್ಲ?” ಎಂದು ಚೀಲ ಹೆಗಲಿಗೆ ಹಾಕಿಕೊಂಡೆ.