ಒಂದು ಗಂಟೆಗೆ ಸರಿದ ಮಧ್ಯಾಹ್ನದ ಜಪ

ಹತ್ತಿ ಹೊಲದಾಗ ನೆರಳು ಕಾಲಡಿಗೆ ಬಂದು ಆ ಕಡೆ ಹೊಳ್ಳಿದ್ರೂ ಚರ್ಚಿನ ಗಂಟೆ ಹೊಡೀಲಿಲ್ಲ. ಇದು ನಾಕನೇ ದಿನ. ಕೂಲಿಗೆ ಬಂದು ಸಾಲಿನಾಗ ಬಗ್ಗಿದ್ದ ಝಾನ್ಸಿಗೆ ಸಿಟ್ಟು ಏರಾಕತ್ತಿತ್ತು.

ವಡ್ಡೆಪಲ್ಲಿ ಕಡೆಯ ಆ ಊರಾಗ ಗಂಟೆ ದಿನಕ್ಕ ಮೂರು ಸಲ ಹೊಡೀತೈತಿ, ಬೆಳಿಗ್ಗೆ ಆರಕ್ಕ, ಮಧ್ಯಾಹ್ನ ಹನ್ನೆರಡಕ್ಕ, ಸಂಜಿ ಆರಕ್ಕ. ತ್ರಿಕಾಲ ಜಪ ಅಂತಾರ. ದೇವದೂತ ಬಂದು ಮರಿಯಮ್ಮಗ ನಿನ್ನ ಹೊಟ್ಟ್ಯಾಗ ದೇವರ ಮಗ ಹುಟ್ತಾನ ಅಂದಿದ್ದು, ಆಕಿ ಹೂಂ ಅಂದಿದ್ದು, ಅದನ್ನ ನೆನೆಸಿಕೊಂತ ನಡನಡುವ ಮೂರು ಸಲ ನಮೋ ಮರಿಯ ಹೇಳೋದು. ಎರಡು ನಿಮಿಷದ ಕೆಲಸ ಅಷ್ಟ. ಗದ್ವಾಲದಿಂದ ಬರೋ ಫಾದರ್ ಒಮ್ಮೆ ಹೇಳಿದ್ರು, ಏಳ್ನೂರು ವರ್ಷದ ಹಿಂದ ಇಟಲಿ ಕಡೆ ಸನ್ಯಾಸಿಗಳು ಸಂಜಿ ಗಂಟೆಗೆ ಇದನ್ನ ಸುರು ಮಾಡಿದ್ರಂತ, ಬೆಳಗಿಂದು ಮಧ್ಯಾಹ್ನದ್ದು ಆಮ್ಯಾಲೆ ಕೂಡಿದ್ವಂತ. ಇರಬೌದು. ಆದ್ರ ಈ ಊರಾಗ ಮಧ್ಯಾಹ್ನದ್ದು ಸುರು ಮಾಡಿದಾಕಿ ಝಾನ್ಸಿ ಅಜ್ಜಿ ಬುಚ್ಚಮ್ಮ.

ಆಗ ಕಳೆ ತೆಗ್ಯಾಕ ಬಗ್ಗಿದ್ರ ಹೊತ್ತು ಮುಳುಗೋತನ ಹೊಲದ ಧಣಿಗಳು ನಡ ಎತ್ತಾಕ ಬಿಡ್ತಿರಲಿಲ್ಲಂತ. ಸೈಕಲ್ ಮ್ಯಾಲ ಬಂದ ಯಾರೋ ಫಾದರ್ ಈ ಜಪ ಕಲಿಸಿ ಹೋದ್ರು. ಬುಚ್ಚಮ್ಮ ಒಂದು ರೈಲು ಕಂಬಿ ತುಂಡು ಬೇವಿನ ಗಿಡಕ್ಕ ಕಟ್ಟಿ, ಹನ್ನೆರಡಕ್ಕ ಢಣ್ ಅನಿಸಿ, ನೆಟ್ಟಗ ನಿಂತುಬಿಟ್ಳು. ದೇವರಿಗೆ ನಿಂತೋರನ್ನ ಬಗ್ಗು ಅನ್ನಾಕ ಯಾರಿಗೂ ಬಾಯಿ ಬರಲಿಲ್ಲ. ಆವತ್ತಿಂದ ಎಲ್ಲಾ ಹೆಂಗಸ್ರೂ ನಿಲ್ಲಾಕತ್ತಿದ್ರು. ಕುರುಬರ ಮನೀ ಹೆಂಗಸ್ರು ಬೀರಪ್ಪಾ ಅಂತಿದ್ರು, ಅಷ್ಟ ಫರಕು. ಎರಡು ನಿಮಿಷ ನಿಂತು, ಉಂಡು, ಮತ್ತ ಕೆಲಸ.

ಈಗ ಹೊಲ ಬಾಲರಾಜಂದು. ಚರ್ಚಿನ ಸಂಘಕ್ಕ ಅಧ್ಯಕ್ಷನೂ ಅವನ. ಬೀಜದ ಹತ್ತಿ, ಒಂದೊಂದು ಹೆಣ್ಣು ಹೂವಿಗೂ ಗಂಡು ಹೂ ತಂದು ಕೈಲೆ ಮುಟ್ಟಸಬೇಕು. ಮಧ್ಯಾಹ್ನ ಒಂದು ದಾಟಿತಂದ್ರ ಹೂವಿನ ಪುಡಿ ಹತ್ತಂಗಿಲ್ಲ. ಅದಕ್ಕ ಯಾರೂ ಟೈಮ್ ನೋಡಬಾರ್ದಂತ ಫೋನೆಲ್ಲ ಇಸಗೊಂಡು ಬದುವಿನ ಮ್ಯಾಲ ಚೀಲದಾಗ ಇಡಸ್ತಿದ್ದ.

"ನಿಮ್ಮ ದೇವದೂತ ಇವತ್ತೂ ಬಸ್ ತಪ್ಪಿಸ್ಕೊಂಡಾನ ನೋಡು," ಅಂದ್ಳು ಬಾಜೂ ಸಾಲಿನ ಕಿಷ್ಟಮ್ಮ. ಬೀರಪ್ಪನ ಒಕ್ಕಲಾಕಿ, ಐವತ್ತು ದಾಟ್ಯಾವ. ನಗಿಸಿದ್ಳು ಖರೆ, ಕೈ ನಡದ ಮ್ಯಾಲ ಇತ್ತು. ಗಂಟೆ ಹೊಡೆದಾಗ ಆಕಿ ಸೀರಿ ನೆರಿಗ್ಯಾಗ ಬಚ್ಚಿಟ್ಟ ಸಣ್ಣ ಫೋನ್ ತೆಗೆದು ತೋರಿಸಿದ್ಳು. ಸರಿಯಾಗಿ ಒಂದು.

ಸಂಜಿಗೆ ಝಾನ್ಸಿ ಸೀದಾ ಚರ್ಚಿಗೆ ಹೋಗಿ ಗಂಟೆ ಹೊಡಿಯೋ ಕರೆಂಟಿನ ಪೆಟ್ಟಿಗಿ ನೋಡಿದ್ಳು. ಗಾಜಿನ ಹಿಂದ ಗಡಿಯಾರ ಬರೋಬರಿ ಐತಿ. ಗಂಟೆಗೆ ಇಟ್ಟ ಟೈಮು, ಬೆಳಗಿಂದು ಆರು, ಸಂಜಿದು ಆರು. ನಡುವಿಂದು ಮಾತ್ರ ಒಂದು. ಆ ಪೆಟ್ಟಿಗಿ ಚಾವಿ ಇರೋದು ಬಾಲರಾಜ್ ಒಬ್ಬನ ಹತ್ರ. ದಿನಾ ಬೆಳಿಗ್ಗೆ ಮೈಕಿನಾಗ ಕಣ್ಣು ಮುಚ್ಚಿ ಜಪ ಹೇಳೋನೂ ಅವನ!

ಮರುದಿನ ಕಿಷ್ಟಮ್ಮ ಬಚ್ಚಿಟ್ಟ ಫೋನ್ ನೋಡಿ ಹನ್ನೆರಡು ಅಂತ ಕಣ್ಣಾಗ ಹೇಳಿದ್ಳು. ಝಾನ್ಸಿ ಬುತ್ತಿ ಡಬ್ಬಿ ಎತ್ತಿ ಚಮಚದಿಂದ ಚರ್ಚಿನ ಗಂಟೆಯಂಗ ಮೂರು ಮೂರು ಸಲ ಬಡಿದು, ನೆಟ್ಟಗ ನಿಂತು, ಗಟ್ಟಿಯಾಗಿ ಜಪ ಸುರು ಮಾಡಿದ್ಳು. ಇಪ್ಪತ್ತು ನಡ ಒಮ್ಮೆಗೆ ಮ್ಯಾಲೆದ್ವು. ಬಾಲರಾಜ್ ಬೈಕೊಂತ ಬದುವಿನ ಮ್ಯಾಲ ಓಡಿ ಬಂದ, ಬಂದವ ನಮೋ ಮರಿಯ ಕಿವಿಗೆ ಬಿದ್ದ ಕೂಡ್ಲೇ ಟೊಪ್ಪಿಗಿ ತೆಗೆದ. ಬಾಯಿ ತಾನ ಜಪದಾಗ ತಿರುಗಿ ಹೇಳೋ ಸಾಲು ಹೇಳಾಕತ್ತಿತ್ತು. ಸಣ್ಣಂದಿನಿಂದ ಬಂದಿದ್ದು, ಏನು ಮಾಡ್ತಾನ?

ಜಪ ಮುಗೀತು. ಅವನು ಟೊಪ್ಪಿಗಿ ಹಾಕ್ಕೊಂಡ.

"ಒಂದಕ್ಕ ಹೇಳಿದ್ರ ಮರಿಯಮ್ಮ ಕೇಳಂಗಿಲ್ಲೇನು? ದೇವರಿಗೆ ಗಡಿಯಾರ ಐತೇನು?"

"ದೇವರಿಗಿಲ್ರಿ ಧಣಿ," ಅಂದ್ಳು ಝಾನ್ಸಿ. "ನಮ್ಮ ನಡಕ್ಕ ಐತಿ."

ನಾಳಿಂದ ನೀ ಬರಬ್ಯಾಡ ಅಂದ. ಹಂಗಾದ್ರ ನಾವೂ ಬರಂಗಿಲ್ಲ, ಹೂವಿಗೆ ನೀನ ಪುಡಿ ಮುಟ್ಟಿಸ್ಕೊ ಅಂತ ಕಿಷ್ಟಮ್ಮ ಕುಂತುಬಿಟ್ಳು, ಹಿಂದ ಎಲ್ಲಾರೂ ಕುಂತ್ರು. ಅವನು ಅರಳಿದ ಹೂ ನೋಡಿದ, ಹೆಂಗಸ್ರನ್ನ ನೋಡಿದ, ಹಲ್ಲು ಕಡಕೊಂತ ಹೋದ. ಮರುದಿನ ಹನ್ನೆರಡಕ್ಕ ಗಂಟೆ ಹೊಡೀತು.

ಇಷ್ಟಕ್ಕ ಮುಗಿದಿದ್ರ ಝಾನ್ಸಿನೂ ಸುಮ್ಕಾಗ್ತಿದ್ಳೇನೋ. ಆದ್ರ ಆಯಿತವಾರ ಪೂಜೆ ಮುಗಿದ ಮ್ಯಾಲ ಬಾಲರಾಜ್ ಮೈಕ್ ಹಿಡಿದು, ಪೆಟ್ಟಿಗಿ ಕೆಟ್ಟಿತ್ತು, ನಾನ ಖುದ್ದು ರಿಪೇರಿ ಮಾಡಿಸೀನಿ ಅಂದ. ಫಾದರ್ ತಲಿ ಅಲ್ಲಾಡಿಸಿ ಶಹಬ್ಬಾಸ್ ಅನ್ನಾಕ ಬಂದ್ರು.

ಝಾನ್ಸಿ ಎದ್ದು ನಿಂತ್ಳು. "ಪೆಟ್ಟಿಗಿ ಕೆಟ್ಟಿರಲಿಲ್ರಿ ಫಾದರ್. ಇವ್ರು ಟೈಮ್ ತಿರುವಿದ್ರು. ಅದನ್ನೂ ಮೈಕಿನಾಗ ಹೇಳಸ್ರಿ."

ಫಾದರ್ ಬಾಲರಾಜನ ಕಡೆ ಹೊಳ್ಳಿದ್ರು. ಅವನು ಕೂಡ್ರು ಅಂತ ಕೈ ಮಾಡಿದ, ಆಕಿ ಕೂಡ್ರಲಿಲ್ಲ. ಹೊಲದ ಹೆಂಗಸ್ರು ಒಬ್ಬೊಬ್ಬರ ಎದ್ರು.

"ನಾನ ತಿರುವಿದ್ದೆ," ಅಂದ ಬಾಲರಾಜ್, ಮೈಕ್ ದೂರ ಹಿಡಿದು.

"ಹಿಂದ ಕೇಳಸಲಿಲ್ರಿ," ಅಂದ್ಳು ಝಾನ್ಸಿ.

ಅವನು ಮೈಕ್ ಬಾಯಿಗೆ ತಂದ.