ದಿನಕ್ಕೆ ಎಪ್ಪತ್ತೈದು ಗ್ರಾಂ

ತಕ್ಕಡಿ ರಿಪೇರಿಯವನ ಮನೆಯಲ್ಲಿ ಮಾತೊಂದನ್ನು ಬಿಟ್ಟು ಉಳಿದೆಲ್ಲವೂ ತೂಕದ ಮೇಲೆಯೇ ನಡೆಯುತ್ತಿತ್ತು. ಮಾತು ಹೆಂಡತಿಯ ಇಲಾಖೆ. ಬೇಕರಿಯ ಬೆಳಗಿನ ಪಾಳಿ ಮುಗಿಸಿ ಕಾಲೆಳೆದುಕೊಂಡು ಬರುವ ಅವಳಿಗೆ ಅಳೆದು ತೂಗಿ ಮಾತಾಡುವಷ್ಟು ಪುರುಸೊತ್ತು ಇರಲಿಲ್ಲ.

ಅವರ ಒಬ್ಬಳೇ ಮಗಳು, ಹದಿನೇಳರವಳು, ಒಂದೂವರೆ ಕಿಲೋಮೀಟರಿನ ಓಟಗಾರ್ತಿ. ಆಯ್ಕೆಯ ಓಟಕ್ಕೆ ಇನ್ನೊಂದು ತಿಂಗಳಿತ್ತು. ಮೊದಲ ಆರು ಜನಕ್ಕೆ ತಂಡದಲ್ಲಿ ಜಾಗ. ಆರರೊಳಗೆ ಬರುವಷ್ಟು ಓಡಲು ಈ ಹುಡುಗಿ ಏನು ತಿನ್ನಬೇಕು ಎಂಬುದೇ ಮನೆಯವರ ತಲೆನೋವು.

ಮೊದಲು ಮೂಗು ತೂರಿಸಿದವನು ಭಾವಮೈದ. ಜಿಮ್ಮಿಗೆ ಸೇರಿ ಮೂರು ತಿಂಗಳಾಗಿತ್ತಾದ್ದರಿಂದ ಅವನಿಗೆ ತಿಳಿಯದ ವಿಷಯವೇ ಇರಲಿಲ್ಲ.

"ಭಾವ, ದಿನಕ್ಕೆ ಇನ್ನೂರು ಗ್ರಾಂ ಪ್ರೋಟೀನ್ ಇಲ್ದೆ ಓಡೋದಾ? ಕೊನೆಗೆ ಮೂಳೆ ಮಾತ್ರ ಗುರಿ ಮುಟ್ಟುತ್ತೆ ಅಷ್ಟೆ" ಎಂದು, ಬಕೆಟ್ಟಿನಷ್ಟು ದೊಡ್ಡ ಪುಡಿಯ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ.

"ಅಷ್ಟೊಂದು ಶಕ್ತಿ ಬಂದಿದ್ರೆ ಹೊರಗಿರೋ ಗ್ಯಾಸ್ ಸಿಲಿಂಡರ್ ಒಳಗೆ ತಂದಿಡು" ಎಂದಳು ಅಕ್ಕ.

"ಇವತ್ತು ಆಗಲ್ಲ ಅಕ್ಕ. ಇವತ್ತು ಕಾಲಿನ ದಿನ. ತೋಳಿಗೆ ರಜ."

ಸಿಲಿಂಡರನ್ನು ತಕ್ಕಡಿಯವನೇ ಉರುಳಿಸಿಕೊಂಡು ಬಂದ. ಇನ್ನೂರು ಎಂಬ ಅಂಕಿ ಅವನ ನಿದ್ದೆ ಕೆಡಿಸಿತು. ಹೆಚ್ಚಾದರೆ ಕಿಡ್ನಿಗೆ ಪೆಟ್ಟು ಎಂದು ಎಲ್ಲೋ ಓದಿದ್ದ. ಕಡಿಮೆಯಾದರೆ ಕಾಲಿಗೆ ಪೆಟ್ಟು ಎಂದು ಇನ್ನೆಲ್ಲೋ ಓದಿದ್ದ. ಬಾಯಿಮಾತಿನ ತೂಕವನ್ನು ನಂಬುವ ಜಾಯಮಾನ ಅವನದಲ್ಲ. ನೇರವಾಗಿ ಮೈದಾನಕ್ಕೆ ಹೋಗಿ, ಮಗಳಿಗೆ ಓಟ ಕಲಿಸುವ ಮೇಡಂ ಮುಂದೆ ಕೈಕಟ್ಟಿ ನಿಂತ. ಅವರು ಒಂದು ಚೀಟಿಯಲ್ಲಿ ಲೆಕ್ಕ ಹಾಕಿ ಕೊಟ್ಟರು. ಹುಡುಗಿಯ ತೂಕ ಐವತ್ತು ಕಿಲೋ. ಕಿಲೋಗೆ ಒಂದೂವರೆ ಗ್ರಾಂ. ಒಟ್ಟು ದಿನಕ್ಕೆ ಎಪ್ಪತ್ತೈದು ಗ್ರಾಂ ಪ್ರೋಟೀನ್.

"ಇಷ್ಟು ಸಾಕು. ಡಬ್ಬಿಗಿಬ್ಬಿ ಏನೂ ಬೇಡ. ಮೊಟ್ಟೆ, ಬೇಳೆ, ಹಾಲು, ಮನೇಲಿ ಇರೋದರಲ್ಲೇ ಆಗುತ್ತೆ."

ಎಪ್ಪತ್ತೈದು ಗ್ರಾಂ ಎಂದರೆ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂಜೆ ತರಗತಿಯಲ್ಲಿ ಓದಿ, ಅಳತೆ-ತೂಕದ ಪ್ರಮಾಣಪತ್ರ ಪಡೆದು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನು. ಅಕ್ಕಸಾಲಿಗರ ತಕ್ಕಡಿಯನ್ನು ರಿಪೇರಿ ಮಾಡುವ ಕೈ ಅದು. ಅದೇ ಸಂಜೆ ಅಂಗಡಿಯಿಂದ ಒಳ್ಳೆಯದೊಂದು ತೂಕದ ಮೆಷಿನ್ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಪ್ರತಿಷ್ಠಾಪಿಸಿದ.

ಮರುದಿನದಿಂದ ಮಗಳ ತಟ್ಟೆಗೆ ನ್ಯಾಯ ಸಿಗತೊಡಗಿತು. ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ, ಸಿಪ್ಪೆ ಸುಲಿದು ಐವತ್ತೈದು ಗ್ರಾಂ. ರಾತ್ರಿಯ ಊಟಕ್ಕೆ ಬೇಯಿಸಿದ ಬೇಳೆ, ಇಪ್ಪತ್ತು ಗ್ರಾಂ. ಕೂಡಿದರೆ ಎಪ್ಪತ್ತೈದು. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ. ಅನ್ನ, ಬ್ರೆಡ್ಡು, ತರಕಾರಿ ಎಷ್ಟಾದರೂ ತಿನ್ನಲಿ, ಅವು ಲೆಕ್ಕದಲ್ಲಿ ಬರುವುದಿಲ್ಲ. ಹಾಲು ಮಾತ್ರ ಬಂದ್. ಲೋಟದ ಹಾಲೇ ಇನ್ನೂರು ಗ್ರಾಂ ತೂಗುವಾಗ ಕಿಡ್ನಿಯ ಗತಿ ಏನು? ಒಂದು ದಿನ ಯಾವುದೋ ದೊಡ್ಡ ಮನಸ್ಸಿನ ಕೋಳಿ ಅರವತ್ತೊಂದು ಗ್ರಾಮಿನ ಮೊಟ್ಟೆ ಇಟ್ಟಿತ್ತು. ಅವನು ಆರು ಗ್ರಾಂ ಬಿಳಿಭಾಗವನ್ನು ಚಾಕುವಿನಿಂದ ಕೆತ್ತಿ ತೆಗೆದು, ಮಗಳ ಆರೋಗ್ಯಕ್ಕಾಗಿ ತಾನೇ ತಿಂದ.

"ಅಪ್ಪ, ಹೊಟ್ಟೆ ತುಂಬಲ್ಲ ಕಣಪ್ಪ" ಎಂದಳು ಮಗಳು.

"ಹೊಟ್ಟೆಗೇನು ಗೊತ್ತು? ಮೇಡಂ ಬರೆದುಕೊಟ್ಟಿದ್ದಾರೆ."

"ಪ್ರಮಾಣಪತ್ರ ಇರೋರು ಹೇಳಿದ ಮೇಲೆ ಮುಗೀತು" ಎಂದು ಹೆಂಡತಿ ಚಪ್ಪಲಿ ಮೆಟ್ಟಿಕೊಂಡಳು. "ಗುಬ್ಬಚ್ಚಿ ಸಾಕಿದ್ರೂ ಇದಕ್ಕಿಂತ ಜಾಸ್ತಿ ಕಾಳು ಚೆಲ್ತಿದ್ವಿ." ಆದರೆ ಅಡ್ಡ ಬರಲಿಲ್ಲ. ಈ ಗಂಡ ಹಾಲು ಉಕ್ಕುವಾಗ ಎಲ್ಲಿರುತ್ತಾನೋ ಗೊತ್ತಿಲ್ಲ, ಗ್ರಾಮಿನ ವಿಷಯದಲ್ಲಿ ತಪ್ಪುವವನಲ್ಲ ಎಂಬ ನಂಬಿಕೆ ಅವಳಿಗೂ ಇತ್ತು.

ಮಗಳು ಮೊದಲ ವಾರ ಐದು ನಿಮಿಷ ಎಂಟು ಸೆಕೆಂಡಿನಲ್ಲಿ ಓಡಿದಳು. ಎರಡನೆಯ ವಾರ ಐದು ಹದಿನಾಲ್ಕು. ಮೂರನೆಯ ವಾರ ಐದು ಇಪ್ಪತ್ತೆರಡು; ಮುಗಿಸಿದವಳು ಹುಲ್ಲಿನ ಮೇಲೆ ಕೂತು ಕಾಲು ಗಂಟೆ ಏಳಲಿಲ್ಲವಂತೆ.

ತಪ್ಪು ಬಂದಾಗ ಮೊದಲು ತನ್ನ ಯಂತ್ರವನ್ನೇ ಅನುಮಾನಿಸು ಎಂಬುದು ತಕ್ಕಡಿಯವನ ಕಸುಬಿನ ಪಾಠ. ತೂಕದ ಬಟ್ಟುಗಳನ್ನು ತಂದು, ಒರೆಸಿ, ಒಂದೊಂದಾಗಿ ಇಟ್ಟು ನೋಡಿದ. ಮೆಷಿನ್ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಯಂತ್ರ ಸರಿಯಿದೆ, ತೂಕ ಸರಿಯಿದೆ. ಹಾಗಾದರೆ ತಪ್ಪು ಮಗಳಲ್ಲೇ ಇರಬೇಕು. ಈ ತೀರ್ಮಾನಕ್ಕೆ ಬಂದ ಮೇಲೂ ಮನಸ್ಸು ತಡೆಯದೆ, ಮೂರು ವಾರ ಬರೆದಿಟ್ಟ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನ ಮೇಡಂ ಬಳಿ ಹೋದ.

ಮೇಡಂ ಪಟ್ಟಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದೇನ್ರೀ, ಐವತ್ತೈದು ಅಂತ?"

"ಮೊಟ್ಟೆ, ಮೇಡಂ."

"ಮೊಟ್ಟೆ ತೂಕ ಯಾರು ಕೇಳಿದ್ರು? ಆ ಐವತ್ತೈದರಲ್ಲಿ ಪ್ರೋಟೀನ್ ಇರೋದು ಆರೇಳು ಗ್ರಾಂ."

"ಉಳಿದ ನಲವತ್ತೆಂಟು?"

"ಹೆಚ್ಚಿನ ಪಾಲು ನೀರು."

ಅವನು ಬೆಂಚಿನ ಮೇಲೆ ಕುಳಿತುಬಿಟ್ಟ. ತೂಕದಲ್ಲಿ ಮೋಸ ಮಾಡುವ ವ್ಯಾಪಾರಿಗಳನ್ನು ಕಂಡಿದ್ದ. ಕೋಳಿಯೂ ಆ ಸಂಘದ ಸದಸ್ಯ ಎಂದು ತಿಳಿದಿರಲಿಲ್ಲ.

"ನಿಮ್ಮ ಇಪ್ಪತ್ತು ಗ್ರಾಂ ಬೇಳೆಯಲ್ಲಿ ಎರಡು ಗ್ರಾಂ ಇದ್ರೆ ಹೆಚ್ಚು. ಅನ್ನ, ಬ್ರೆಡ್ಡಲ್ಲಿ ಬಂದದ್ದು ಸೇರಿಸಿದ್ರೂ ಮೂವತ್ತು ದಾಟಿರಲ್ಲ. ಎಪ್ಪತ್ತೈದು ಬೇಕಾದ ಹುಡುಗಿ ರೀ ಅದು! ಇನ್ನೂ ಹತ್ತು ದಿನ ಇದೆ. ಒಂದೇ ಸಲ ತುರುಕಬೇಡಿ. ಮೂರು ಹೊತ್ತೂ ಹಂಚಿ ಕೊಡಿ, ಹಾಲು ಕೊಡಿ, ಕಡಲೆಕಾಯಿ ಕೊಡಿ, ಮೀನು ಕೊಡಿ. ಮತ್ತೆ ಹೊಟ್ಟೆತುಂಬ ಕೊಡಿ."

ದಾರಿಯುದ್ದಕ್ಕೂ ಅವನು ಒಂದು ಉಪಾಯ ಹೆಣೆದ. ಯಾರಿಗೂ ಏನೂ ಹೇಳದೆ, ನಾಳೆಯಿಂದ ಮೆಲ್ಲಗೆ ತಟ್ಟೆ ದೊಡ್ಡದು ಮಾಡುವುದು. ಮೇಡಂ ಊರೆಲ್ಲ ಡಂಗುರ ಸಾರುವವರಲ್ಲ. ಪ್ರಮಾಣಪತ್ರದ ಮಾನ ಉಳಿಯುತ್ತದೆ.

ಮನೆಯಲ್ಲಿ ಮಗಳು ಒಂದು ಕಾಗದ ಹಿಡಿದು ಕಾಯುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಅಪ್ಪ, ಇಲ್ಲೊಂದು ಸಹಿ ಹಾಕು. ಹೆಸರು ವಾಪಸ್ ತಗೋತಿದೀನಿ. ನಾಳೆ ಕೊನೇ ದಿನ."

"ಯಾಕಮ್ಮ?"

"ಎಲ್ಲಾ ಸರಿಯಾಗಿ ತಿಂದೂ ಹಿಂದೆ ಬೀಳ್ತಿದೀನಿ ಅಂದ್ರೆ ನನ್ನಲ್ಲೇ ಕಸುವಿಲ್ಲ ಅಂತ ತಾನೆ? ನೀನು ತೂಗಿ ಕೊಟ್ಟದ್ದು ತಪ್ಪೋದುಂಟಾ?"

ಅವನು ಪೆನ್ನು ತೆಗೆದುಕೊಂಡ. ಸಹಿ ಹಾಕಿದರೆ ಎಲ್ಲ ಸುಸೂತ್ರ. ಓಟವೇ ಇಲ್ಲವೆಂದ ಮೇಲೆ ಸೋಲೂ ಇಲ್ಲ, ಸೋಲೇ ಇಲ್ಲವೆಂದ ಮೇಲೆ ಕಾರಣ ಕೇಳುವವರೂ ಇಲ್ಲ. ಪೆನ್ನಿನ ಮುಚ್ಚಳವನ್ನು ಎರಡು ಸಲ ತೆಗೆದು ಎರಡು ಸಲ ಹಾಕಿದ. ಆಮೇಲೆ ನೆಲ ನೋಡುತ್ತ, ಮೊಟ್ಟೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ, ನೀರಿನ ಪಾಲನ್ನೂ ಬಿಡದೆ.

ಅಡುಗೆಮನೆಯ ಬಾಗಿಲಲ್ಲಿ ಕೇಳುತ್ತ ನಿಂತಿದ್ದ ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಆ ಮನೆಯಲ್ಲಿ ಅವಳು ಮಾತಿಗೆ ತಡಕಾಡಿದ್ದು ಅದೇ ಮೊದಲು.

"ಇಪ್ಪತ್ತು ದಿನ!" ಮಗಳು ಚೀರಿದಳು. "ಇಪ್ಪತ್ತು ದಿನ ಉಪವಾಸ ಓಡಿಸಿದೀಯ ನನ್ನ! ಹೊಟ್ಟೆ ತುಂಬಲ್ಲ ಅಂದ್ರೆ ಹೊಟ್ಟೆಗೇನು ಗೊತ್ತು ಅಂದೆ!"

"ತಪ್ಪಾಯ್ತಮ್ಮ."

"ರೀ," ಹೆಂಡತಿಗೆ ದನಿ ಮರಳಿತು, "ಆ ಆರು ಗ್ರಾಮೂ ಕೆತ್ತಿಕೊಂಡು ತಿಂದ್ರಲ್ರೀ!"

ಮಗಳು ಕೋಪದಲ್ಲೇ ಅತ್ತಿಂದಿತ್ತ ನಾಲ್ಕು ಹೆಜ್ಜೆ ಹಾಕಿದಳು. ತಟ್ಟನೆ ನಿಂತಳು.

"ಅಂದ್ರೆ ಅರ್ಧ ಹೊಟ್ಟೇಲಿ ನಾನು ಐದು ಇಪ್ಪತ್ತೆರಡು ಓಡಿದೀನಾ?"

"ಹೂಂ."

"ಅರ್ಧ ಹೊಟ್ಟೇಲಿ!" ಎಂದಳು ಮತ್ತೊಮ್ಮೆ, ಈ ಸಲ ಬೇರೆ ದನಿಯಲ್ಲಿ. ಅವನ ಕೈಯಿಂದ ಕಾಗದ ಕಿತ್ತುಕೊಂಡು ಉಂಡೆ ಮಾಡಿ ಮೂಲೆಗೆಸೆದಳು. "ಅಮ್ಮ, ಊಟ ಹಾಕು. ನೀನೇ ಹಾಕು. ಅಪ್ಪ ಹತ್ರ ಬರಬಾರದು."

ಆಯ್ಕೆಯ ಓಟದಲ್ಲಿ ಅವಳು ಆರನೆಯವಳಾಗಿ ಬಂದಳು, ಏಳನೆಯವಳಿಗಿಂತ ಒಂದು ಹೆಜ್ಜೆ ಮುಂದೆ. ಇದೆಲ್ಲ ತನ್ನ ಡಬ್ಬಿಯ ಮಹಿಮೆ ಎಂದು ಭಾವಮೈದ ಜಿಮ್ಮಿನಲ್ಲಿ ಹೇಳಿಕೊಂಡು ಬಂದ. ಡಬ್ಬಿಯ ಸೀಲು ಇನ್ನೂ ಒಡೆದಿರಲಿಲ್ಲ. ಆರಕ್ಕಿಂತ ಮುಂದೆ ಯಾಕೆ ಬರಲಿಲ್ಲ ಎಂದು ಮಾತ್ರ ಅವಳನ್ನು ಯಾರೂ ಕೇಳಲಿಲ್ಲ. ಹಾಗೆ ಕೇಳುವ ಮುಖ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.