ನೆಲಕ್ಕೆ ಕೂತು ಕೇಳಿದ ಮಾತು

ದ್ವೀಪನಾಡಿನ ಆಪಿಯಾ ಪಟ್ಟಣದ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಹನ್ನೊಂದು ವರ್ಷ ದಾದಿಯಾಗಿ ದುಡಿದ ಫುವಾತಿನೊಗೆ ಮಾರ್ಫಿನ್ ಕೊಡುವುದು ಹೊಸದಲ್ಲ. ಆ ಬೆಳಗ್ಗೆ ಮಾತ್ರ ಸಿರಿಂಜು ಹಿಡಿದ ಕೈ ಅರ್ಧಕ್ಕೇ ನಿಂತಿತು.

"ತಡಿ ಮಗಳೇ," ಎಂದಿದ್ದರು ಪೌಲಿ. ಊರಿನ ಪರವಾಗಿ ಸಭೆಯಲ್ಲಿ ಮಾತಾಡುವ ಹಿರಿಯರು ಅವರು. ಅವರೆದುರು ಹಾದುಹೋಗುವ ಎಂಥವರೂ ಸೊಂಟ ಬಗ್ಗಿಸಿ "ತುಲೌ", ಅಂದರೆ ಹಾದುಹೋಗಲು ಅಪ್ಪಣೆಯಾಗಲಿ, ಎಂದೇ ಹೋಗಬೇಕು. ಫುವಾತಿನೊ ಬೆಳಗಿನಿಂದ ಔಷಧಿ ತಟ್ಟೆ ಹಿಡಿದು ಹತ್ತು ಸಲ ಬಗ್ಗಿದ್ದಳು. "ಯಜಮಾನರ ತಮ್ಮ ಸಿಯಾವೊಸಿ ವಿಮಾನದಲ್ಲಿದ್ದಾನೆ. ನಾಲ್ಕು ಗಂಟೆಗೆ ಇಳೀತಾನೆ. ಅಲ್ಲೀತನಕ ಅವರನ್ನ ನಿದ್ದೆಗೆ ಕಳಿಸಬೇಡ. ಕೊನೇ ಮಾತು ಬಾಕಿ ಇದೆ."

ಹಾಸಿಗೆಯಲ್ಲಿ ಊರಿನ ಯಜಮಾನ ತೌಲಾಸೆ. ಶ್ವಾಸಕೋಶವನ್ನೆಲ್ಲ ಕ್ಯಾನ್ಸರ್ ತಿಂದಿತ್ತು. ಇನ್ನು ಗುಣದ ಮಾತಿಲ್ಲ, ನೋವು ತಗ್ಗಿಸುವುದಷ್ಟೆ ಎಂದು ವೈದ್ಯರು ಹೇಳಿ ಮೂರು ದಿನವಾಗಿತ್ತು. ಯಜಮಾನನ ಕೊನೆಯ ಮಾತೇ ಅವನ ಹೆಸರು, ಅದರ ಜೊತೆಗೆ ಬರುವ ಯಜಮಾನಿಕೆಯ ಪಟ್ಟ, ಮುಂದೆ ಯಾರದೆಂದು ತೀರ್ಮಾನಿಸುವುದು. ಒಮ್ಮೆ ಆಡಿದ ಮೇಲೆ ಅದನ್ನು ದಾಟುವವರಿಲ್ಲ.

ಫುವಾತಿನೊ ವೈದ್ಯರಿಗೆ ಫೋನು ಮಾಡಿದಳು. "ಮನೆಯವರು ಹೇಳಿದ ಹಾಗೆ ಮಾಡಿ," ಎಂದರು. ಅಪ್ಪನ ಪಾದ ಒರೆಸುತ್ತಿದ್ದ ಮಗಳು ಇವಾ, "ನನ್ನ ಕೇಳಬೇಡಿ ಸಿಸ್ಟರ್, ಪೌಲಿಯವರು ಹೇಳಿದ್ದೇ ಸರಿ," ಎಂದು ಮುಖ ತಿರುಗಿಸಿದಳು. ಪೌಲಿ ಗೋಡೆಯ ಗಡಿಯಾರ ನೋಡಿದರು.

ಎಲ್ಲರನ್ನೂ ಕೇಳಿದ್ದಾಯಿತು, ತೌಲಾಸೆಯೊಬ್ಬರನ್ನು ಬಿಟ್ಟು. ಯಜಮಾನನ ಎದುರು ನಿಂತು ಪ್ರಶ್ನೆ ಕೇಳುವ ಬಾಯಿ ಆ ನೆಲದಲ್ಲಿ ಹುಟ್ಟಿಲ್ಲ. ಕೇಳುವುದಿದ್ದರೆ ಅವರಿಗಿಂತ ತಗ್ಗಿ ಕೂರಬೇಕು; ಆ ವಾರ್ಡಿನಲ್ಲಿ ಮಂಚದ ಪಕ್ಕ ಚಾಪೆಯೂ ಇಲ್ಲ, ಕುರ್ಚಿಯೂ ಇಲ್ಲ. ಹೀಗಾಗಿ ಮೂರು ದಿನದಿಂದ ಎಲ್ಲರೂ ಮಂಚದ ಸುತ್ತ ನಿಂತು ಅವರ ತಲೆಯ ಮೇಲೆಯೇ ಮಾತಾಡಿಕೊಂಡಿದ್ದರು.

ಫುವಾತಿನೊ ಸಿರಿಂಜನ್ನು ತಟ್ಟೆಗಿಟ್ಟಳು. ಯಜಮಾನರ ದಿಂಬಿಗಿಂತ ತನ್ನ ತಲೆ ತಗ್ಗುವಂತೆ, ತಣ್ಣಗಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಏನೇ ಇದು? ಚಾಪೆ ಹಾಸ್ಲಾ, ಚಾ ತರ್ಲಾ?" ಎಂದಳು ಹಿರಿಯ ದಾದಿ ಮೆಲೆ.

"ಸುಮ್ನಿರಕ್ಕಾ."

ಅಜ್ಜಿಯ ಬಾಯಿಂದ ಕಲಿತಿದ್ದ ಗೌರವದ ಮಾತುಗಳನ್ನು ಅವಳು ಒಂದೊಂದಾಗಿ ಹುಡುಕಿ ತೆಗೆದಳು. "ಒಡೆಯರೇ, ನೋವು ತಮ್ಮದು, ಮಾತೂ ತಮ್ಮದು. ಮದ್ದು ಪೂರ್ತಿ ಕೊಟ್ಟರೆ ನಿದ್ದೆ ಬರುತ್ತೆ. ಕೊಡದಿದ್ದರೆ ಎಚ್ಚರ ಇರುತ್ತೆ, ನೋವೂ ಇರುತ್ತೆ. ತಮ್ಮ ಅಪ್ಪಣೆ ಏನು?"

ಮೂರು ದಿನ ಚಾವಣಿ ನೋಡುತ್ತಿದ್ದ ಕಣ್ಣುಗಳು ಕೆಳಗಿಳಿದು ಅವಳನ್ನು ಕಂಡವು. ಆಮ್ಲಜನಕದ ಮಾಸ್ಕಿನೊಳಗಿಂದ ದನಿ ಬಂತು: "ಚೂರು ಚೂರು ಕೊಡು. ಬೆರಳೆತ್ತಿದಾಗ... ಪೂರ್ತಿ."

ಮತ್ತೆ ಫೋನು. ವೈದ್ಯರು ಕೇಳಿದರು, "ನಾಲ್ಕಕ್ಕಿಂತ ಮುಂಚೆ ಬೆರಳೆತ್ತಿದ್ರೆ?"

"ಕೊಡ್ತೀನಿ ಡಾಕ್ಟ್ರೇ. ಅದಕ್ಕೇ ಈಗ್ಲೇ ಬರೆದುಕೊಡಿ ಅಂತಿದೀನಿ."

ವೈದ್ಯರು ಬಂದು ಬರೆದುಕೊಟ್ಟರು. ಅವಳು ಊಟಕ್ಕೂ ಏಳದೆ, ಉಸಿರೆಣಿಸುತ್ತ ಚೂರು ಚೂರೇ ಕೊಡುತ್ತ ಕೂತಳು.

ಎರಡೂವರೆಗೆ ಬೆರಳು ಎದ್ದಿತು. ಅವಳು ಸಿರಿಂಜು ತೆಗೆದುಕೊಂಡು ಎದ್ದಳು.

"ಇನ್ನೊಂದೂವರೆ ಗಂಟೆ! ತಡಿಯೇ!" ಪೌಲಿ ಅಡ್ಡ ನಿಂತರು. "ಇದು ನಿನ್ನ ಆಸ್ಪತ್ರೆ ಲೆಕ್ಕ ಅಲ್ಲ, ಊರಿನ ಮರ್ಯಾದೆ."

"ಒಡೆಯರನ್ನ ನರಳಿಸೋದು ಯಾವೂರ ಮರ್ಯಾದೆ, ಹಿರಿಯರೇ?" ಎಂದಳು ಫುವಾತಿನೊ. "ಅವರಿಗೆ ಮಾತು ಕೊಟ್ಟಿದೀನಿ." ಮತ್ತೆ ನೆಲಕ್ಕೆ ಕೂತಳು. "ಒಡೆಯರೇ, ಮೊದಲು ಮದ್ದೋ, ಮಾತೋ?"

"ಮಾತು."

ಅವಳು ಮಾಸ್ಕನ್ನು ತುಸು ಸರಿಸಿದಳು. ತೌಲಾಸೆ ಶುರುಮಾಡಿದ್ದು ತಮ್ಮ ಊರಿನ ಬಿರುದಾವಳಿಯಿಂದ. ಸಭೆಯಲ್ಲಿ ಯಾರು ಯಾವ ಕಂಬಕ್ಕೆ ಒರಗುವವರು, ಯಾರಿಗೆ ಯಾವ ವಂದನೆ, ಒಂದು ಹೆಸರಿಗೆ ಒಂದು ಉಸಿರು. ಪೌಲಿಯವರ ತುಟಿಗಳು ಜೊತೆಗೇ ಆಡಿದವು, ಒಂದೆಡೆ ತಡವರಿಸಿ ನಿಂತವು. ಯಜಮಾನರದು ನಿಲ್ಲಲಿಲ್ಲ. ಕೊನೆಯ ಹೆಸರಾದ ಮೇಲೆ ಹೇಳಿದರು: "ನನ್ನ ಹೆಸರು ಇವಾಳಿಗೆ."

ಇವಾಳ ಕೈಯ ಬಟ್ಟೆ ನೆಲಕ್ಕೆ ಬಿತ್ತು. ಫುವಾತಿನೊ ಮಾಸ್ಕು ಸರಿಪಡಿಸಿ ಮದ್ದು ಪೂರ್ತಿ ಕೊಟ್ಟಳು. ಮಾತಿನದು, ಮದ್ದಿನದು, ಎರಡರ ಸಮಯವನ್ನೂ ಹಾಳೆಯಲ್ಲಿ ಬರೆದಳು. ಹಣೆಯ ಗಂಟು ನಿಧಾನವಾಗಿ ಬಿಚ್ಚಿಕೊಂಡಿತು.

ಸಿಯಾವೊಸಿ ಬರುವಾಗ ಐದಕ್ಕೆ ಹತ್ತಿರ. ನಿದ್ದೆಯಲ್ಲಿದ್ದ ಅಣ್ಣನನ್ನು ನೋಡಿ, ನಡೆದದ್ದು ಕೇಳಿ ಕೆಂಡವಾದ. "ಮಾತಾಡಿದ್ದು ಮದ್ದು, ನಮ್ಮಣ್ಣ ಅಲ್ಲ!"

ಫುವಾತಿನೊ ಹಾಳೆ ಮುಂದಿಟ್ಟಳು. "ಮಾತು ಎರಡು ಮೂವತ್ತೈದಕ್ಕೆ. ಪೂರ್ತಿ ಮದ್ದು ಎರಡು ನಲವತ್ತೊಂದಕ್ಕೆ. ಬೆಳಗಿಂದ ಕೊಟ್ಟ ಚೂರುಗಳೂ ಇಲ್ಲೇ ಇವೆ. ಏನನ್ನೂ ಮುಚ್ಚಿಟ್ಟಿಲ್ಲ ಅಣ್ಣಾ."

ಸಿಯಾವೊಸಿ ಪೌಲಿಯತ್ತ ತಿರುಗಿದ. ಅವರೊಂದು ಮಾತು ತಿರುಚಿದ್ದರೆ ಸಾಕಿತ್ತು, ಅವಳ ಹನ್ನೊಂದು ವರ್ಷ ಮಣ್ಣುಪಾಲು.

"ಊರಿನ ಬಿರುದಾವಳಿ ಪೂರ್ತಿ ಹೇಳಿದರು ಕಣಪ್ಪಾ," ಎಂದರು ಪೌಲಿ. "ನಾನೇ ಒಂದು ಹೆಸರು ಮರೆತೆ. ಅವರು ಮರೀಲಿಲ್ಲ."

ಸಿಯಾವೊಸಿ ಹಾಳೆಯನ್ನು ಮೇಲಿಂದ ಕೆಳಗೆ ಓದಿ ಹಿಂದಿರುಗಿಸಿದ. ಆಮೇಲೆ ಬೂಟು ಕಳಚಿ, ಮಂಚದ ಪಕ್ಕ ನೆಲಕ್ಕೆ ಕೂತ. ಸಂಜೆಯ ಪ್ರಾರ್ಥನೆ ಹಾಡುವಾಗ ಇವಾಳ ದನಿಗೆ ಅವನ ದನಿಯೂ ಸೇರಿತು. ಹಾಡಿನ ನಡುವೆಯೇ ತೌಲಾಸೆಯ ಉಸಿರು ನಿಂತಿತು, ದಡ ಮುಟ್ಟಿದ ದೋಣಿಯಂತೆ.

ಫುವಾತಿನೊ ಬಾಗಿಲ ಬಳಿ ಸ್ಟೂಲಿನಲ್ಲಿ ಕೂತು ಕೊನೆಯ ಸಾಲು ಬರೆಯುತ್ತಿದ್ದಳು. ಹೊರಟಿದ್ದ ಪೌಲಿ ಅವಳೆದುರು ಬಂದವರು ಕೈಯನ್ನು ನೆಲದತ್ತ ಇಳಿಸಿ, ಮುಪ್ಪಿನ ಸೊಂಟವನ್ನು ಮೆಲ್ಲನೆ ಬಗ್ಗಿಸಿದರು.

"ತುಲೌ," ಎಂದು ಹಾದುಹೋದರು.

"ಅಯ್ಯೋ, ಎದ್ದು ನಿಂತ್ಕೊಳೇ!" ಮೆಲೆ ಪಿಸುಗುಟ್ಟಿದಳು.

"ಇಲ್ಲಕ್ಕಾ," ಎಂದಳು ಫುವಾತಿನೊ, ಬೆನ್ನು ನೆಟ್ಟಗೆ ಮಾಡಿ. "ಇವತ್ತೊಂದಿನ ಕೂತೇ ಇರ್ತೀನಿ."